ಎರಡನೆಯ ಹಾಡಿನ ಹುಡುಗಿ

ಕಳೆದ ತಿಂಗಳು ವಡಾಲದಲ್ಲಿ ನಮ್ಮ ಕನ್ನಡ ಸಂಘದವರು ಒಂದು ಚರ್ಚೆ ಇಟ್ಟಿದ್ದರು. ಸಂಗೀತದಲ್ಲಿ ಮೇಲೆ ಬರಬೇಕಾದರೆ ಪ್ರತಿಭೆ ದೊಡ್ಡದೋ ಅದೃಷ್ಟ ದೊಡ್ಡದೋ ಎಂಬುದು ವಿಷಯ. ನನ್ನನ್ನು ಚಿತ್ರರಂಗದ ಹಿರಿಯರು ಎಂದು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಗಿಟಾರ್ ಹಿಡಿದುಕೊಂಡು ಬಂದಿದ್ದ ಒಬ್ಬ ಹುಡುಗ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದ: "ಟ್ಯಾಲೆಂಟ್ ತೋ ಸಬ್ ಕೆ ಪಾಸ್ ಹೈ. ಲಕ್ ಇದ್ದರೆ ಮಾತ್ರ ಆಗ್ತದೆ. ದೇವರು ಯಾರಿಗೆ ಕೊಡ್ತಾನೋ ಅವರಿಗೆ." ಸಭೆ ಚಪ್ಪಾಳೆ ಹೊಡೆಯಿತು. ನನಗೆ ಮೈ ಉರಿದುಹೋಯಿತು.

ಮೈಕ್ ನನ್ನ ಕೈಗೆ ಬಂದಾಗ ಇಷ್ಟೇ ಹೇಳಿದೆ: "ದೇವರಲ್ಲ ಮಾರಾಯಾ. ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಆ ಅದೃಷ್ಟ ನಾನೇ ಆಗಿದ್ದೆ. ಫೋನಿನ ಪಕ್ಕ ಕೂತು ಚಹಾ ಕುಡೀತಿದ್ದೆ." ತಮಾಷೆ ಎಂದುಕೊಂಡು ಜನ ನಕ್ಕರು. ಆ ನಗು ಕೇಳಿ ಸಿಟ್ಟು ಇನ್ನೂ ಹೆಚ್ಚಾಯಿತು. ಮೈಕ್ ಇಟ್ಟು ಇಳಿದುಬಿಟ್ಟೆ. ಸಂಘದ ಪತ್ರಿಕೆಯ ಸಂಪಾದಕರು ಬಾಗಿಲವರೆಗೆ ಹಿಂದೆ ಬಂದು, "ಅದನ್ನೇ ಬರೆದು ಕೊಡಿ" ಎಂದರು. ಬರೆಯುತ್ತಿದ್ದೇನೆ. ಹಾಡುವವರಿಗಾಗಿ ಅಲ್ಲ. ಹಾಡುವವರನ್ನು ಕರೆಯುವ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು.

ನಾನು ಕುಂದಾಪುರದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ, ಅಂಧೇರಿಯಲ್ಲಿ ಸೋದರಮಾವ ನಡೆಸುತ್ತಿದ್ದ ಹೋಟೆಲಿನ ಗಲ್ಲಾದಲ್ಲಿ ಕೂರಲು ಮುಂಬಯಿಗೆ ಬಂದೆ. ಹೋಟೆಲಿನ ಎದುರಿಗೆ ಹಿಂದಿ ಚಿತ್ರಗಳ ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋ ಇತ್ತು. ಪಿಟೀಲಿನವರು, ಢೋಲಕ್ಕಿನವರು, ಕೋರಸ್ ಹಾಡುವ ಹೆಂಗಸರು ಎಲ್ಲ ನಮ್ಮಲ್ಲೇ ತಿಂಡಿಗೆ ಬರುತ್ತಿದ್ದರು. ಯಾರಿಗೆ ಚಹಾಕ್ಕೆ ಸಕ್ಕರೆ ಬೇಡ, ಯಾರು ರೆಕಾರ್ಡಿಂಗಿಗೆ ಮೊದಲು ಮೊಸರು ಮುಟ್ಟುವುದಿಲ್ಲ, ಯಾರಿಗೆ ಯಾರ ಪಕ್ಕ ಕೂತರೆ ಆಗುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠ. ಅದನ್ನು ಗಮನಿಸಿದ ಶಿರೋಡ್ಕರ್ ಎಂಬವರು ನನ್ನನ್ನು ಗಲ್ಲಾದಿಂದ ಎಬ್ಬಿಸಿ ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಸಂಗೀತ ನಿರ್ದೇಶಕರಿಗೆ ಬೇಕಾದ ವಾದ್ಯದವರನ್ನೂ ಹಾಡುವವರನ್ನೂ ಹೇಳಿದ ಹೊತ್ತಿಗೆ ತಂದು ನಿಲ್ಲಿಸುವುದು ಅವರ ಕೆಲಸ. ಅವರು ಕೋ-ಆರ್ಡಿನೇಟರ್, ನಾನು ಅವರ ಕೈಕೆಳಗಿನವನು. ಮುಂದೆ ಅವರ ಕುರ್ಚಿಯಲ್ಲಿ ನಾನೇ ಕೂತೆ. ಹೇಗೆ ಕೂತೆ ಎಂಬುದರಲ್ಲಿ ಯಾರಿಗೂ ಪ್ರಯೋಜನವಿಲ್ಲ, ಬಿಡಿ.

ಸಂಗೀತ ನನಗೆ ಗೊತ್ತಿಲ್ಲ. ಗೊತ್ತಿರಬೇಕೆಂದು ಯಾರೂ ಕೇಳಲೂ ಇಲ್ಲ. ಶಿರೋಡ್ಕರ್ ಮೊದಲ ವಾರದಲ್ಲೇ ನನಗೆ ಒಂದು ಪಾಠ ಹೇಳಿದ್ದರು: "ಜೋ ಫೋನ್ ಉಚಲ್ತೋ, ತೋಚ್ ಕಲಾಕಾರ್." ಫೋನ್ ಎತ್ತಿದವನೇ ಕಲಾವಿದ. ನಾನು ನಕ್ಕಿದ್ದೆ. ಅವರು ನಗಲಿಲ್ಲ. "ಹಾಲ್‌ನಲ್ಲಿ ನಲವತ್ತು ಜನ ಕೂತು ಕಾಯುವಾಗ ನಿನಗೆ ಒಳ್ಳೆಯವನು ಬೇಡ ಶೆಟ್ಟಿ, ಬರುವವನು ಬೇಕು" ಎಂದರು.

ವಿರಾರ್‌ನಲ್ಲಿ ಒಬ್ಬ ಪಿಟೀಲಿನವರಿದ್ದರು. ಅವರು ನುಡಿಸಲು ಶುರುಮಾಡಿದರೆ ಉಳಿದ ಪಿಟೀಲಿನವರು ತಮ್ಮ ಕಮಾನು ತಗ್ಗಿಸಿ ಕೇಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರ ಫೋನ್ ಪಕ್ಕದ ಮನೆಯದು. ಆ ಮನೆಯಾಕೆಗೆ ನಮ್ಮ ಫೋನ್ ಎಂದರೆ ಕೋಪ, "ಘರ್ ಪೆ ನಹೀ ಹೈ" ಎಂದು ಇಟ್ಟುಬಿಡುತ್ತಿದ್ದಳು. ಎರಡು ಸಲ ಹಾಗಾಯಿತು, ಮೂರನೆಯ ಸಲ ನಾನು ಪ್ರಯತ್ನ ಮಾಡಲಿಲ್ಲ. ಸ್ಟೇಷನ್ ಪಕ್ಕದಲ್ಲೇ ಇದ್ದ ಇನ್ನೊಬ್ಬ ಸಾಧಾರಣ ಪಿಟೀಲಿನವನು ಆ ಜಾಗದಲ್ಲಿ ಕೂತ, ಎದ್ದೇಳಲಿಲ್ಲ. ವರ್ಷಗಳ ಮೇಲೆ ವಿರಾರ್‌ನವರು ಒಂದು ಮದುವೆಯ ಆರ್ಕೆಸ್ಟ್ರಾದಲ್ಲಿ ಸಿಕ್ಕರು. "ನಸೀಬ್ ಹೈ, ಶೆಟ್ಟಿ ಸಾಬ್" ಎಂದು ಹಣೆ ತೋರಿಸಿದರು. ನಾನು ತಲೆಯಾಡಿಸಿ ಅವರು ನುಡಿಸುತ್ತಿದ್ದ ಮದುವೆಮನೆಯ ಊಟ ಉಂಡು ಬಂದೆ. ನನ್ನ ನಾಚಿಕೆಗೇಡಿತನ ಅಷ್ಟಿತ್ತು.

ನಗುವ ತಪ್ಪುಗಳನ್ನೂ ಮಾಡಿದ್ದೇನೆ. ಒಮ್ಮೆ ಮುದಿ ಭಿಕ್ಷುಕನ ಹಾಡಿಗೆ ಒಡೆದ ಗಂಟಲಿನವರು ಬೇಕೆಂದರು. ನಾನು ದಾದರ್‌ನಿಂದ ಒಬ್ಬ ಹಿರಿಯ ಶಾಸ್ತ್ರೀಯ ಗಾಯಕರನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಬಂದೆ. ಅವರು ಜರಿ ಶಾಲು ಹೊದ್ದು, ಇಬ್ಬರು ಶಿಷ್ಯರನ್ನೂ ಕರೆತಂದಿದ್ದರು. ಅರ್ಧ ಸಾಲು ಹಾಡುತ್ತಲೇ ಒಳಗಿದ್ದ ಸಹಾಯಕ ಸ್ಪೀಕರಿನಲ್ಲಿ, "ವಾಹ್, ಎಷ್ಟು ಚೆನ್ನಾಗಿ ಒಡೆದಿದೆ!" ಎಂದುಬಿಟ್ಟ. ಹಿರಿಯರು ಹೆಡ್‌ಫೋನ್ ಕಿತ್ತು ನನ್ನ ಕಡೆ ನೋಡಿದರು. "ನನ್ನ ಗಂಟಲು ಒಡೆದಿದೆ ಎಂದು ಹುಡುಕಿ ತಂದೆಯೇನೋ ಇಡ್ಲಿವಾಲಾ?" ಆಮೇಲೆ ಸ್ಟುಡಿಯೋದಲ್ಲಿ ಬಹಳ ಕಾಲ ನನ್ನ ಹೆಸರು ಇಡ್ಲಿವಾಲಾ ಎಂದೇ ಆಯಿತು. ಈ ಕಥೆಯನ್ನು ನಾನು ನೂರು ಕಡೆ ಹೇಳಿ ನಗಿಸಿದ್ದೇನೆ. ಒಬ್ಬ ಮುದುಕನ ಅವಮಾನ ಅದು, ನನ್ನ ನಗೆಹನಿ ಅಲ್ಲ ಎಂಬುದು ಈಗ ಹೊಳೆಯುತ್ತದೆ.

ಹೇಳಬೇಕಾದ್ದಕ್ಕೆ ಬರುತ್ತೇನೆ.

ಆ ಕಾಲದಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಗಾಯಕಿಯರಿಗೆ ಪುರುಸೊತ್ತಿಲ್ಲ, ಆದರೆ ನಾಯಕ ನಾಯಕಿ ಕುಣಿಯಲು ಹಾಡು ಬೇಕು. ಆಗ ಬೇರೆ ಯಾರಿಂದಲೋ ಹಾಡಿಸಿ ಚಿತ್ರೀಕರಣ ಮುಗಿಸುವುದು, ಆಮೇಲೆ ದೊಡ್ಡವರು ಬಂದಾಗ ಆ ದನಿ ಅಳಿಸಿ ಅವರ ದನಿ ಹಾಕುವುದು. ಹಾಗೆ ಹಾಡುವವರನ್ನು ಡಮ್ಮಿ ಎನ್ನುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು: "ಏ ಡಮ್ಮಿ, ಮೈಕ್ ಹತ್ತಿರ ಬಾ." ಟೇಪಿನ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. ಯಾವ ಹಾಡಿಗೆ ಯಾರು ಡಮ್ಮಿ ಎಂಬುದು ಕರೆಸಿದ ನನಗೆ ಮಾತ್ರ ಗೊತ್ತು. ದೊಡ್ಡ ಗಾಯಕಿ ಬಂದಾಗ ಡಮ್ಮಿಯ ದನಿಯನ್ನು ಕಿವಿಯಲ್ಲಿ ಕೇಳಿಕೊಂಡೇ ಕಲಿತು ಹಾಡುತ್ತಿದ್ದರು. ಎರಡನೆಯ ಸಾಲಿನ ಕೊನೆಯಲ್ಲಿ ಆ ಸಣ್ಣ ತಿರುವು ಎಷ್ಟು ಚೆಂದ ಎಂದು ನೀವು ರೇಡಿಯೋ ಮುಂದೆ ಕಣ್ಣು ಮುಚ್ಚುತ್ತೀರಲ್ಲ, ಎಷ್ಟೋ ಸಲ ಅದು ಡಮ್ಮಿ ಹಾಕಿದ ತಿರುವು. ಯಾವಾಗಲೋ ಒಮ್ಮೆ ನಿರ್ದೇಶಕರಿಗೆ ಡಮ್ಮಿಯ ದನಿಯೇ ಹಿಡಿಸಿಬಿಡುತ್ತಿತ್ತು. ಆಗ ಹಾಡು ಅವಳದೇ. ಎಲ್ಲ ಡಮ್ಮಿ ಹುಡುಗಿಯರೂ ಆ ಒಂದು ಸಲಕ್ಕಾಗಿ ಲೋಕಲ್ ಹತ್ತಿ ಬರುತ್ತಿದ್ದರು.

ಸುಮಿತ್ರಾ ಪರೇಲಿನ ಚಾಳಿನಿಂದ ಬರುತ್ತಿದ್ದಳು. ತಂದೆ ಬಾದಾಮಿ ಕಡೆಯಿಂದ ಬಂದು ಮಿಲ್ಲಿನಲ್ಲಿದ್ದವರು, ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿ ಕೂತವರು. ಹುಡುಗಿ ಒಮ್ಮೆ ಕೇಳಿದರೆ ಹಾಡು ಕಲಿಯುತ್ತಿದ್ದಳು. ನಮ್ಮಿಬ್ಬರ ಮಾತು ಕನ್ನಡದಲ್ಲೇ. "ಶೆಟ್ಟರ, ಇವತ್ತರ ನನ್ನ ದನಿ ಉಳೀತೈತೇನ್ರಿ?" ಎಂದು ಪ್ರತಿ ಸಲ ಕೇಳುವಳು. "ನೋಡುವ ಮಾರಾಯ್ತಿ" ಎನ್ನುತ್ತಿದ್ದೆ.

ಒಂದು ಚಿತ್ರಕ್ಕೆ ಎರಡು ಹಾಡಿನ ಡಮ್ಮಿ ಬೇಕಾಯಿತು. ಮೊದಲನೆಯದನ್ನು ಸ್ಟುಡಿಯೋ ಹಿಂದಿನ ಗಲ್ಲಿಯಲ್ಲೇ ಇದ್ದ ಇನ್ನೊಬ್ಬ ಹುಡುಗಿ ಹಾಡಿದಳು. ಎರಡನೆಯದನ್ನು ಸುಮಿತ್ರಾ ಹಾಡಿದಳು. ಸಂಗೀತ ನಿರ್ದೇಶಕರನ್ನು ನಾವೆಲ್ಲ ದಾದಾ ಎನ್ನುತ್ತಿದ್ದೆವು. ಅವತ್ತು ಅವರಿಗೆ ಜ್ವರ, ಬಂದಿರಲಿಲ್ಲ. ಎರಡು ದಿನ ಬಿಟ್ಟು ಬಂದು ಟೇಪ್ ಕೇಳಿ, ಹೊರಗೆ ಬಂದು ನನಗೆ ಹೇಳಿದರು: "ಶೆಟ್ಟಿ, ಎರಡನೆಯ ಹಾಡಿನ ಹುಡುಗಿಯನ್ನು ನಾಳೆ ಬೆಳಿಗ್ಗೆ ಕರೆ. ಎರಡೂ ಹಾಡು ಹೊಸದಾಗಿ ಅವಳಿಂದಲೇ ಹಾಡಿಸಿ ಇಡುತ್ತೇನೆ."

ಪರೇಲಿನ ಚಾಳಿನ ಕೆಳಗಿದ್ದ ಕಿರಾಣಿ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನು, "ಗಿರಾಕಿ ಇದ್ದಾರೆ, ಮೂರು ಮಾಳಿಗೆ ಹತ್ತುವವರು ಯಾರೂ ಇಲ್ಲ, ಆಮೇಲೆ ಮಾಡಿ" ಎಂದ. ಆಮೇಲೆ ಮಾಡಬಹುದಿತ್ತು. ಇಲ್ಲವೇ ಲೋಕಲ್ ಹಿಡಿದು ಹೋಗಿ ಹೇಳಿ ಬರಬಹುದಿತ್ತು. ಕ್ಯಾಂಟೀನಿನ ಟಿ.ವಿ.ಯಲ್ಲಿ ಕ್ರಿಕೆಟ್ ಇತ್ತು. ನಮ್ಮವರು ಚೆನ್ನಾಗಿ ಆಡುತ್ತಿದ್ದರು.

ಇಷ್ಟೇ ಕಾರಣ. ಲಂಚವಿಲ್ಲ, ದ್ವೇಷವಿಲ್ಲ. ಹಿಂದಿನ ಗಲ್ಲಿಯ ಹುಡುಗಿ ಸಂಜೆ ಹಾಲು ತರಲು ಹೋಗುವಾಗ ಕ್ಯಾಂಟೀನಿನ ಬಾಗಿಲಲ್ಲಿ ಹಾದುಹೋದಳು. ಕೂತಲ್ಲಿಂದಲೇ ಕೂಗಿ, "ನಾಳೆ ಬೆಳಿಗ್ಗೆ ಬಾ, ದಾದಾ ಕರೆದಿದ್ದಾರೆ" ಎಂದೆ. ಎದ್ದು ನಿಲ್ಲಲೂ ಇಲ್ಲ.

ಮರುದಿನ ಅವಳು ಹಾಡಲು ನಿಂತಾಗ ದಾದಾ ನನ್ನನ್ನು ಒಳಗೆ ಕರೆದರು. "ಇವಳೇನಾ? ದನಿ ಬೇರೆ ಕೇಳಿಸುತ್ತಿದೆ."

"ಇವಳೇ ದಾದಾ. ಎ.ಸಿ.ಗೆ ಗಂಟಲು ಹಿಡಿದಿದೆ."

ದಾದಾ ಒಂದು ಗಳಿಗೆ ನನ್ನ ಮುಖ ನೋಡಿದರು. ಹಾಲ್‌ನಲ್ಲಿ ವಾದ್ಯದವರೆಲ್ಲ ಕೂತಾಗಿತ್ತು. "ಚಲೋ" ಎಂದರು. ಹುಡುಗಿ ಚೆನ್ನಾಗಿಯೇ ಹಾಡಿದಳು. ಇದನ್ನು ಹೇಳಲೇಬೇಕು. ಅವಳಲ್ಲಿ ಪ್ರತಿಭೆ ಇತ್ತು, ಆಮೇಲೆ ದುಡಿದಳು, ಇವತ್ತು ದೊಡ್ಡ ಹೆಸರು. ಟಿ.ವಿ.ಯಲ್ಲಿ ಬಂದು, "ಅದೊಂದು ದಿನ ದೇವರು ನನ್ನ ಕಡೆ ನೋಡಿದ" ಎನ್ನುತ್ತಾರೆ. ಪಾಪ, ಅವರಿಗೆ ಗೊತ್ತಿಲ್ಲ. ಅವರ ಕಡೆ ನೋಡಿದ್ದು ನಾನು, ಅದೂ ಎರಡು ಓವರಿನ ನಡುವೆ.

ಮುಂದಿನ ವಾರ ಸುಮಿತ್ರಾ ಬೇರೆ ಡಮ್ಮಿಗೆ ಬಂದಳು. ಹಾಡು ಹಿಂದಿನ ಗಲ್ಲಿಯ ಹುಡುಗಿಗೆ ಹೋದದ್ದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. "ಶೆಟ್ಟರ, ನಾ ಛಲೋ ಹಾಡಿದ್ದೆ ಅನಸಿತ್ರಿ. ಏನ್ ತಪ್ಪಾತು?" ಎಂದು ಕೇಳಿದಳು. ತಪ್ಪು ಹೇಳಿದರೆ ತಿದ್ದಿಕೊಳ್ಳುತ್ತೇನೆ ಎಂಬ ಮುಖ.

"ತಪ್ಪೇನಿಲ್ಲಮ್ಮ. ಅದೃಷ್ಟ ಬೇಕು. ನಿನ್ನ ಅದೃಷ್ಟ ಸರಿ ಇಲ್ಲ" ಎಂದೆ.

ಅವಳು ನಂಬಿದಳು. ಮಂಗಳವಾರ ಉಪವಾಸ ಹಿಡಿದಳು. ಪರೇಲಿನಿಂದ ಗಣಪತಿ ಗುಡಿಗೆ ಬರಿಗಾಲಲ್ಲಿ ನಡೆದಳು. ಯಾರೋ ಹೇಳಿದರೆಂದು ಬೆರಳಿಗೆ ಹಳದಿ ಕಲ್ಲಿನ ಉಂಗುರ ಹಾಕಿದಳು. ಅದನ್ನೆಲ್ಲ ನಾನು ನೋಡುತ್ತಲೇ ಇದ್ದೆ, ಹೊಸ ಹೊಸ ಡಮ್ಮಿಗೆ ಕರೆಸುತ್ತಲೂ ಇದ್ದೆ. ದಾದಾ ಸತ್ತರು. ಒಂದು ದಿನ ಸುಮಿತ್ರಾ ಬರುವುದನ್ನು ನಿಲ್ಲಿಸಿದಳು. ಯಾಕೆಂದು ವಿಚಾರಿಸಲೂ ಇಲ್ಲ ನಾನು. ಬೇರೆ ಹುಡುಗಿಯರಿದ್ದರು.

ಈಗ ಪದ್ಧತಿ ಬದಲಾಗಿದೆ, ಎಲ್ಲ ಮೊಬೈಲಿನಲ್ಲಿ ನಡೆಯುತ್ತದೆ, ಯಾರಿಗೂ ಅನ್ಯಾಯವಿಲ್ಲ ಎಂದು ನನ್ನ ಕುರ್ಚಿಗೆ ಬಂದ ಹುಡುಗ ಹೇಳಿದ. ಮಣ್ಣಾಂಗಟ್ಟಿ. ಒಂದೇ ಹಾಡನ್ನು ಹತ್ತು ಜನರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಹತ್ತು ಜನ ಹತ್ತು ಬಾಡಿಗೆ ಕೋಣೆಗಳಲ್ಲಿ, ಸದ್ದು ಬಾರದಿರಲೆಂದು ಬಟ್ಟೆಯ ಕಪಾಟಿನೊಳಗೆ ತಲೆ ತೂರಿಸಿ, ಬೆವರು ಸುರಿಸಿ ಹಾಡಿ ಕಳಿಸುತ್ತಾರೆ. ಹತ್ತರಲ್ಲಿ ಪ್ರತಿಯೊಬ್ಬರಿಗೂ ಹಾಡು ನಿನ್ನದೇ ಎಂಬ ಆಸೆ ಹಚ್ಚಿರುತ್ತಾರೆ. ಹಾಡು ಬಿಡುಗಡೆಯಾದ ದಿನ ಒಂಬತ್ತು ಜನಕ್ಕೆ ಯೂಟ್ಯೂಬಿನಲ್ಲಿ ಬೇರೆ ದನಿ ಕೇಳಿ ಗೊತ್ತಾಗುತ್ತದೆ. ನಾನಾದರೂ ಮುಖ ನೋಡಿ ಸುಳ್ಳು ಹೇಳುತ್ತಿದ್ದೆ. ಇವರಿಗೆ ಸುಳ್ಳು ಹೇಳುವ ತ್ರಾಸವೂ ಬೇಡ.

ಈ ವರ್ಷ, ಆ ಚರ್ಚೆಗೆ ಕೆಲವು ವಾರ ಮೊದಲು, ನನ್ನ ಎದೆಯ ತಪಾಸಣೆಗೆಂದು ಪರೇಲಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಹಾಲ್ ತುಂಬ ಜನ. ಮೈಕಿನಲ್ಲಿ ಒಂದು ಹೆಂಗಸಿನ ದನಿ ರೋಗಿಗಳ ಹೆಸರು ಕರೆಯುತ್ತಿತ್ತು. ಸಂಗೀತ ಗೊತ್ತಿಲ್ಲದ ನನಗೂ ಆ ದನಿ ಗೊತ್ತಾಯಿತು. ನನ್ನ ಹೆಸರು ಬಂದಾಗ ಏಳದೆ ಕೂತೆ. ಇನ್ನೊಮ್ಮೆ ಕರೆದು, ಕೌಂಟರಿನ ಹಿಂದಿನಿಂದ ತಲೆಯೆತ್ತಿ, "ಅಯ್ಯ! ನಮ್ಮ ಸ್ಟುಡಿಯೋ ಶೆಟ್ಟರ!" ಎಂದರು ಸುಮಿತ್ರಾ. ಕೂದಲು ಅರ್ಧ ಬೆಳ್ಳಗಾಗಿತ್ತು. ಬೆರಳಲ್ಲಿ ಉಂಗುರ ಇರಲಿಲ್ಲ.

ಊಟದ ಬಿಡುವಿನಲ್ಲಿ ಚಹಾ ಕುಡಿಸಿದರು. ಗಂಡ ಇಲ್ಲ, ಚಾಳು ಕೆಡವಿ ಕಟ್ಟಿದ ಬಿಲ್ಡಿಂಗಿನಲ್ಲಿ ಮನೆ ಸಿಕ್ಕಿದೆ. "ಹಾಡ್ತೀರಾ?" ಎಂದು ಕೇಳಿದೆ.

"ಎಲ್ಲಿ ಹಾಡು ಹಚ್ಚೀರಿ! ಪಕ್ಕದ ಮನಿ ವಹಿನಿ ಪ್ರತಿ ವರ್ಷ ಗಣಪತಿ ಮುಂದ ಒಂದ ಆರತಿ ಹೇಳು ಅಂತ ಗಂಟು ಬೀಳ್ತಾಳ. ನಾ ಒಲ್ಲೆ ಅಂತೀನಿ. ನೀವ ಹೇಳಿದ್ದಿರಲ್ರಿ, ನನ್ನ ದನಿಗೆ ಅದೃಷ್ಟ ಇಲ್ಲಂತ. ನಾ ಮುಟ್ಟಿದ ಹಾಡು ಮಂದಿ ಪಾಲಾಗ್ತಾವ. ದೇವರ ಹಾಡರ ನೆಟ್ಟಗಿರ್ಲಿ."

ನಗುತ್ತಲೇ ಹೇಳಿದರು. ನಾನು ಚಹಾ ಮುಗಿಸಿ ಎದ್ದು ಬಂದೆ. ನಿಜ ಹೇಳಲಿಲ್ಲ. ಹೇಡಿ. ಆ ಗಿಟಾರಿನ ಹುಡುಗ ಲಕ್ ಎಂದಾಗ ನನಗೆ ಉರಿದದ್ದು ಅವನ ಮೇಲಲ್ಲ. ಚರ್ಚೆಯ ಮರುದಿನ, ಭಾನುವಾರ, ಪರೇಲಿನ ಸುಮಿತ್ರಾರ ಮನೆಗೆ ಹೋದೆ.

"ಬರ್ರಿ ಶೆಟ್ಟರ, ಕೂಡ್ರಿ" ಎಂದರು. ಕೂರದೆ ಹೇಳಿದೆ. ದಾದಾ ಕರೆದದ್ದು, ಕಿರಾಣಿ ಅಂಗಡಿ, ಕ್ರಿಕೆಟ್, ಗಂಟಲಿನ ಸುಳ್ಳು, ಎಲ್ಲ. ಅವರ ಕೈಯಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು ಇತ್ತು. ಅದನ್ನು ನಿಧಾನಕ್ಕೆ ಕೆಳಗಿಟ್ಟರು.

"ಕ್ರಿಕೆಟ್?"

"ಹೌದು."

"ಗೆದ್ದರೇನ್ರಿ?"

ನನಗೆ ನೆನಪಿರಲಿಲ್ಲ. ಹಾಗೆಂದೇ ಹೇಳಿದೆ.

ಆಮೇಲೆ ಅವರ ದನಿ ಏರಿತು. "ಇಷ್ಟು ವರ್ಷ ನಾ ಆ ಗಣಪತಿಗೆ ಬೈದೀನ್ರಿ! ಗುಡಿ ಮುಂದ ನಿಂತು ಬೈದೀನಿ, ಏನ್ ಮಾಡಿದ್ದೆ ನಿನಗ ಅಂತ. ಅವ್ವ ಸಾಯೂ ಮುಂದ ನನ್ನ ಹಣೆಬಾರ ನೆನಿಸಿ ಅತ್ತು ಸತ್ಲು. ಎಲ್ಲಾ ನಿಮಗ ಬೈಬೇಕಿತ್ತು! ಎದ್ದು ಒಂದ ಫೋನ್ ಮಾಡಾಕ ಆಗದಾಂವ, ನನ್ನ ನಶೀಬದ ಮಾತಾಡ್ತಿದ್ದಿ?" ಮೊದಲ ಬಾರಿಗೆ ನನ್ನನ್ನು ಏಕವಚನದಲ್ಲಿ ಅಂದರು. ಇನ್ನೂ ಬಹಳ ಅಂದರು. ಬರೆಯುವಂಥದ್ದಲ್ಲ, ಆದರೆ ಒಂದೂ ಹೆಚ್ಚಾಗಲಿಲ್ಲ.

ದಣಿದು ಬಾಗಿಲ ಬಳಿ ಕೂತರು. ಮೆಲ್ಲಗೆ ಕೇಳಿದರು:

"ದಾದಾ ಏನಂದ್ರು?"

"ಕರೆ ಅಂದರು."

"ಅದಲ್ರಿ. ನನ್ನ ದನಿಗೆ ಏನಂದ್ರು? ಸುಮ್ಮನ ಕರಿ ಅನ್ನಂಗಿಲ್ಲ ಅವರು."

ಅಂದಿದ್ದರು. ಟೇಪಿನ ಕೋಣೆಯಿಂದ ಹೊರಗೆ ಬಂದಾಗ ಮೊದಲು ಅಂದದ್ದೇ ಅದು. ನಾನು ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. "ಸುರ್ ತೋ ಸಬ್ ಲಗಾತೇ ಹೈ. ಯೇ ಲಡ್ಕೀ ಸುರ್ ಪೇ ಠಹರ್‌ತೀ ಹೈ." ಸ್ವರ ಎಲ್ಲರೂ ಮುಟ್ಟುತ್ತಾರೆ, ಈ ಹುಡುಗಿ ಸ್ವರದ ಮೇಲೆ ನಿಲ್ಲುತ್ತಾಳೆ.

ಸುಮಿತ್ರಾ ಗೋಡೆಗೆ ತಲೆ ಆನಿಸಿ ಕೂತೇ ಇದ್ದರು. "ಹಾಡು ಆಕಿಗೆ ಕೊಟ್ರಿ, ಇರ್ಲಿ. ಆಕಿ ಛಲೋ ಹಾಡ್ಯಾಳ. ಈ ಮಾತರ ನನಗ ತಂದು ಕೊಡಬೇಕಿತ್ತಲ್ರಿ. ಇದಕ್ಕೇನ್ ಖರ್ಚಿತ್ತು ನಿಮಗ?"

ಆಮೇಲೆ ಎದ್ದರು. ಬಾಗಿಲು ಪೂರ್ತಿ ತೆಗೆದು, ನನ್ನ ತೋಳು ಹಿಡಿದು ಪ್ಯಾಸೇಜಿಗೆ ಎಳೆದರು. "ವಹಿನೀ! ಇಕಡೆ ಯಾ!" ಎಂದು ಕೂಗಿದರು. ಪಕ್ಕದ ಮನೆಯಾಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಎದುರಿನ ಬಾಗಿಲಲ್ಲೂ ಯಾರೋ ಇಣುಕಿದರು.

"ಹೇಳ್ರಿ ಇವರ ಮುಂದ. ದಾದಾ ಏನಂದ್ರು ಹೇಳ್ರಿ."

ನಾನು ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳ್ರಿ, ಶೆಟ್ಟರ" ಎಂದರು ಸುಮಿತ್ರಾ, ನನ್ನ ಮುಖದಿಂದ ಕಣ್ಣು ತೆಗೆಯದೆ. "ಆವತ್ತಿಂದ ಇಲ್ಲಿತನಕ ಕೇಳಬೇಕದು."